ಐದು ಮೀಟರ್ ಎಪ್ಪತ್ತು

ಅಕ್ಟೋಬರ್ 2, ಬುಧವಾರ

ನಮ್ಮ ಸ್ಕ್ವಾಷ್ ಒಕ್ಕೂಟದ ಅಧ್ಯಕ್ಷ ಇಂಜಿನಿಯರ್ ರಊಫ್ ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಇವತ್ತೂ ಎರಡು ಫೋನ್ ಕರೆಗಳ ನಡುವೆ ಬಾಗಿಲಲ್ಲಿ ನಿಂತೇ ಹೊಸ ಕೆಲಸ ಹೊರಿಸಿದರು.

"ಉಸ್ತಾದ್ ವಗ್ದಿ, ಇನ್ನು ನಾಲ್ಕು ವರ್ಷಕ್ಕೆ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲ ಸಲ ಇರತ್ತೆ. ಸ್ಕ್ವಾಷ್ ಅಂದ್ರೆ ಈಜಿಪ್ಟ್ ಅಂತ ಪ್ರಪಂಚಾನೇ ಹೇಳತ್ತೆ. ಆದ್ರೆ ನಮ್ಮ ಆಟಗಾರರೆಲ್ಲ ಎರಡೇ ಊರಿಂದ, ಅದೇ ಹತ್ತು ಕ್ಲಬ್ಬಿಂದ ಬರ್ತಾರೆ. ಆ ಹತ್ತು ಬಾವಿ ಬತ್ತಿದ್ರೆ ಏನ್ ಗತಿ? ನಂಗೆ ನಾಲ್ಕು ವರ್ಷದ ಯೋಜನೆ ಬೇಕು. ಡಿಸೆಂಬರ್ ಹನ್ನೆರಡಕ್ಕೆ ಮಹಾಸಭೆ."

ಯಾವುದೋ ಸಲಹೆಗಾರರು ಬರೆದುಕೊಟ್ಟ ಎಪ್ಪತ್ತು ಪುಟದ ಕರಡನ್ನೂ ಕೈಗಿಟ್ಟರು. ಪುಟಕ್ಕೊಂದು ಬಾಣ, ಎಲ್ಲವೂ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ. ನನ್ನ ಸಕ್ಕರೆ ಕಾಯಿಲೆಯ ಚಿತ್ರವೂ ಡಾಕ್ಟರ ಬಳಿ ಹೀಗೇ ಇದೆ. ಅವರು ಅದನ್ನು ಬೆಳವಣಿಗೆ ಎಂದು ಕರೆಯುವುದಿಲ್ಲ.

ಮೂವತ್ತೊಂದು ವರ್ಷ ಕಸ್ಟಮ್ಸ್‌ನಲ್ಲಿದ್ದವನು ನಾನು. ಚೀಟಿಯಲ್ಲಿ ಬರೆದದ್ದನ್ನು ನಂಬುವುದಿಲ್ಲ, ಪೆಟ್ಟಿಗೆ ಬಿಚ್ಚಿಸಿ ನೋಡುತ್ತೇನೆ. ದೇಶದಲ್ಲಿ ಎಷ್ಟು ಕೋರ್ಟುಗಳಿವೆ, ಎಂಥವಿವೆ ಎಂದು ಮೊದಲು ತಿಳಿಯಬೇಕು. ನಾಳೆಯೇ ಎಲ್ಲ ಕ್ಲಬ್ಬುಗಳಿಗೂ ನಮೂನೆ ಕಳಿಸುತ್ತೇನೆ: ಕೋರ್ಟಿನ ಉದ್ದ, ಅಗಲ, ತರಬೇತುದಾರರ ಹೆಸರು, ಮಕ್ಕಳ ಪಟ್ಟಿ, ಒಂದು ಫೋಟೋ.

ಅಕ್ಟೋಬರ್ 6, ಭಾನುವಾರ

ರಜೆ. ಕೆಳಗಿನ ಮನೆಯಿಂದ ನನ್ನ ಅಕ್ಕ ಒಲ್ಗಾ ಮುಲೂಖಿಯಾ ಸೊಪ್ಪಿನ ಸಾರು, ಅನ್ನ ಹೊತ್ತು ತಂದಳು. ಎಪ್ಪತ್ತು ದಾಟಿದ ಮೇಲೂ ಮೂರು ಮಹಡಿ ಹತ್ತುತ್ತಾಳೆ, ಹತ್ತಿದ್ದಕ್ಕೆ ಸುಂಕವಾಗಿ ಒಂದು ಕುಟುಕು ಮಾತು ವಸೂಲಿ ಮಾಡುತ್ತಾಳೆ.

"ಬಂದು ನಮ್ ಜೊತೆ ಕೂತು ಊಟ ಮಾಡೋಕೇನೋ ಕಷ್ಟ ನಿಂಗೆ? ಏಪ್ರಿಲ್‌ನಿಂದ ಮೊಟ್ಟೆ ಇಡೋ ಕೋಳಿ ಥರ ಒಳಗೇ ಕೂತಿದೀಯ. ಆ ಮಗು ವಿಷ್ಯ ಇನ್ನೂ ತಲೇಲಿದೆಯಾ?"

ತಲೆಯಲ್ಲಿಲ್ಲ. ಇದ್ದರೆ ತಾನೆ. ಒಮ್ಮೆ ಬರೆದು ಮುಗಿಸಿಬಿಡುತ್ತೇನೆ.

ಏಪ್ರಿಲ್, ಕೈರೋ. ಹದಿಮೂರರೊಳಗಿನ ಹುಡುಗಿಯರ ಫೈನಲ್, ಐದನೆಯ, ಕೊನೆಯ ಗೇಮ್, ರೆಫರಿ ನಾನು. ಪೋರ್ಟ್ ಫುಆದ್‌ನ ಹುಡುಗಿಗೆ ಒಂಬತ್ತು, ಕೈರೋದ ಹುಡುಗಿಗೆ ಹತ್ತು. ಚೆಂಡು ಪೋರ್ಟ್ ಫುಆದ್‌ನವಳ ಬಳಿಗೆ ಬಂತು. ಅವಳು ರಾಕೆಟ್ ಎತ್ತಿದಳು, ಹೊಡೆಯದೆ ನಿಂತುಬಿಟ್ಟಳು. ನನ್ನತ್ತ ತಿರುಗಿ "ಲೆಟ್ ಪ್ಲೀಸ್" ಎಂದಳು. ಎದುರಾಳಿ ಅಡ್ಡ ಇದ್ದಾಳೆ, ಪಾಯಿಂಟ್ ಮತ್ತೆ ಆಡಿಸಿ ಎಂದು ಅರ್ಥ. ಹೊಡೆದರೆ ಎದುರಾಳಿಗೆ ಪೆಟ್ಟಾಗುತ್ತದೆ ಎಂಬ ಭಯಕ್ಕೆ ಆಧಾರವಿದ್ದರೆ ಲೆಟ್ ಕೊಡಬೇಕು. ಪ್ರಯತ್ನ ಬಿಟ್ಟವರಿಗೆ ಕೊಡಬಾರದು. ಅವಳು ಚೆಂಡನ್ನು ಬಿಟ್ಟುಕೊಟ್ಟಳು ಎಂದು ನನ್ನ ಕಣ್ಣಿಗೆ ಕಂಡಿತು. "ಲೆಟ್ ಇಲ್ಲ. ನೀನು ನಿಂತೆ" ಎಂದೆ. ಪಾಯಿಂಟ್ ಕೈರೋದವಳಿಗೆ, ಹನ್ನೊಂದು–ಒಂಬತ್ತಕ್ಕೆ ಆಟ ಮುಗಿಯಿತು. ಅವಳು ನನ್ನ ಕೈ ಕುಲುಕದೆ ಹೋದಳು. ಆಟ ಮುಗಿದ ಮೇಲೆ ರೆಫರಿಯ ಕೈ ಕುಲುಕದಿದ್ದರೆ ಅದಕ್ಕೂ ಒಂದು ಎಚ್ಚರಿಕೆಯಿದೆ. ವರದಿಯಲ್ಲಿ ಅದನ್ನೂ ಬರೆದೆ.

ಅವಳ ತರಬೇತುದಾರಳು ಬಂದು, ನಮ್ಮ ಕೋರ್ಟಿನಲ್ಲಿ ನಿಲ್ಲುವುದನ್ನೇ ಮೊದಲು ಕಲಿಸುತ್ತೇವೆ ಎಂದು ಏನೇನೋ ಹೇಳಿದಳು. ಕುಣಿಯಲಾರದವರು ನೆಲ ಡೊಂಕು ಎಂದರಂತೆ. ಯಾರೋ ವಿಡಿಯೋ ಮಾಡಿ ಹಂಚಿದರು. ನಾನು ನೋಡಲಿಲ್ಲ, ನೋಡುವ ಅಗತ್ಯವೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಕೊಟ್ಟ ಸಾವಿರಾರು ನಿರ್ಣಯಗಳಲ್ಲಿ ಅದೂ ಒಂದು. ನಿರ್ಣಯ ಸರಿಯಾಗಿತ್ತು. ರೆಫರಿ ಕುರ್ಚಿಯನ್ನು ನಾನೇ ಬಿಟ್ಟೆ, ಮೊಣಕಾಲು ನೋವೆಂದು.

ಸಾರು ಚೆನ್ನಾಗಿತ್ತು. ಅಡುಗೆಮನೆಯಲ್ಲೇ ನಿಂತು ತಿಂದೆ.

ಅಕ್ಟೋಬರ್ 21, ಸೋಮವಾರ

ನಮೂನೆಗಳು ಬರುತ್ತಿವೆ. ಒಂದು ಕ್ಲಬ್ಬಿನ ಕೋರ್ಟ್ ತುಂಬ ಮದುವೆಯ ಕುರ್ಚಿಗಳಿವೆ. ಫೋಟೋ ತೆಗೆಯುವ ಮುಂಚೆ ಅವನ್ನು ಸರಿಸಬೇಕೆಂದು ಕೂಡ ಯಾರಿಗೂ ಹೊಳೆದಿಲ್ಲ. ಇನ್ನೊಂದು ಊರಿನ ಅಪ್ಪ ಮಗ ಇಬ್ಬರೂ ತರಬೇತುದಾರರು, ಇಬ್ಬರೂ ಬೇರೆ ಬೇರೆ ನಮೂನೆ ತುಂಬಿ ಒಂದೇ ಕೋರ್ಟನ್ನು ಎರಡು ಮಾಡಿದ್ದಾರೆ. ನಮ್ಮ ದೇಶದಲ್ಲಿ ಬೆಳವಣಿಗೆ ಎಷ್ಟು ಸುಲಭ.

ನಲವತ್ತೊಂದನೆಯ ನಮೂನೆ ಪೋರ್ಟ್ ಫುಆದ್‌ನ ಮನಾರ ಕ್ಲಬ್ಬಿನದು. ಅಗಲ: ಆರು ಮೀಟರ್ ನಲವತ್ತು, ಇರಬೇಕಾದಷ್ಟೇ. ಫೋಟೋ ಬೇರೆ ಹೇಳುತ್ತದೆ. ಸರ್ವ್ ಮಾಡುವ ಚೌಕ ಎಷ್ಟು ಅಗಲವೋ ಚೌಕದಿಂದ ನಡುಗೆರೆಯವರೆಗೆ ಉಳಿಯುವ ಜಾಗವೂ ಅಷ್ಟೇ ಇರಬೇಕು. ಇಲ್ಲಿ ಆ ಜಾಗ ಕಿರಿದಾಗಿದೆ. ಸ್ಕೇಲ್ ಇಟ್ಟು ನೋಡಿದೆ. ಮುಕ್ಕಾಲು ಮೀಟರಿನ ಹತ್ತಿರ ಕಳುವಾಗಿದೆ.

ಅಧ್ಯಕ್ಷರು ಒಪ್ಪಿದ ಕರಡಿನಲ್ಲಿ ನಾನೇ ಬರೆದ ಸಾಲು: ಅಳತೆ ತಪ್ಪಿದ ಕೋರ್ಟುಗಳಿಗೆ ಮಾನ್ಯತೆ ಇಲ್ಲ. ಮಾನ್ಯತೆ ಹೋದರೆ ಕ್ಲಬ್ಬಿಗೆ ಮಹಾಸಭೆಯಲ್ಲಿ ಮತವಿಲ್ಲ, ಅದರ ಮಕ್ಕಳು ರಾಷ್ಟ್ರೀಯ ಪಂದ್ಯಕ್ಕೆ ಹೆಸರು ಕೊಡುವಂತಿಲ್ಲ. ಹೋಗಿ ಅಳೆಯಬೇಕು. ಅದು ಆ ಹುಡುಗಿಯ ಕ್ಲಬ್ಬಾದದ್ದು ನನ್ನ ತಪ್ಪಲ್ಲ.

ನವೆಂಬರ್ 6, ಬುಧವಾರ

ಕೈರೋದಿಂದ ಬೆಳಗಿನ ಬಸ್ಸಿಗೆ ಪೋರ್ಟ್ ಸಯೀದ್, ಅಲ್ಲಿಂದ ಹಡಗುಗಳ ಕಾಲುವೆ ದಾಟಿಸಿ ಪೋರ್ಟ್ ಫುಆದ್ ಮುಟ್ಟಿಸುವ ದೋಣಿ. ಕಡಲಹಕ್ಕಿಗಳಿಗೆ ಬ್ರೆಡ್ಡು ಎಸೆಯುವವರ ನಡುವೆ ಕೈಯಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದೆ.

ತರಬೇತುದಾರಳು ಏಪ್ರಿಲ್‌ನವಳೇ, ಮಕ್ಕಳ ಬಾಯಲ್ಲಿ ಕ್ಯಾಪ್ಟನ್ ಅತಿಯ್ಯಾತ್. ಐವತ್ತರ ಹೆಂಗಸು, ಕುತ್ತಿಗೆಯಲ್ಲಿ ಸೀಟಿ. ನನ್ನನ್ನು ಗುರುತಿಸಿದಳು, ತೋರಿಸಿಕೊಳ್ಳಲಿಲ್ಲ. ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದಳು. ಐದು ಮೀಟರ್ ಎಪ್ಪತ್ತು. ಮೂರು ಕಡೆ ಅಳೆದೆ, ಮೂರೂ ಕಡೆ ಅಷ್ಟೇ.

"ನಮೂನೆಯಲ್ಲಿ ಆರು ನಲವತ್ತು ಅಂತ ಬರೆದಿದ್ದೀರಿ" ಎಂದೆ.

"ಮೂವತ್ತೆಂಟು ವರ್ಷದಿಂದ ಹಾಗೇ ಬರೀತಿದೀವಿ ಉಸ್ತಾದ್. ಮೊದಲು ಬರೆದೋರು ಬರೆದ್ರು, ಆಮೇಲಿನೋರು ನೋಡಿ ಬರೆದ್ರು. ಆ ಗೋಡೆ ಇದೆಯಲ್ಲ, ಅದರಾಚೆ ದೋಣಿ ಇಡೋ ಕೊಟ್ಟಿಗೆ. ಕೋರ್ಟ್ ಕಟ್ಟೋಕೆ ಬಂದ ಮೇಸ್ತ್ರಿಗೆ ಜಾಗ ಸಾಲ್ದೇ ಹೋಯ್ತು, ಗೋಡೆ ಒಡೆಯೋಕೆ ದೋಣಿಯೋರು ಬಿಡ್ಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ವಿ." ಟೀ ಲೋಟ ನನ್ನ ಕಡೆ ತಳ್ಳಿದಳು. "ಎದುರಿಗೇ ಕಾಲುವೆ ಇದೆ ನೋಡಿ. ಅದನ್ನ ಎಷ್ಟು ಸಲ ಅಗಲ ಮಾಡಿದ್ರು. ನಮ್ ಕಡೆ ಯಾರೂ ತಿರುಗಿ ನೋಡ್ಲಿಲ್ಲ."

ಇಪ್ಪತ್ತೆರಡು ಮಕ್ಕಳು ಕಲಿಯುತ್ತಿದ್ದಾರೆ. ಹೆಚ್ಚಿನವರ ಅಪ್ಪಂದಿರು ದೋಣಿಯಲ್ಲಿ, ಬಂದರಿನಲ್ಲಿ ದುಡಿಯುವವರು. ಕೈರೋದ ದೊಡ್ಡ ಕ್ಲಬ್ಬುಗಳು ಇಂಥ ಮಕ್ಕಳಿಗೆ ಗೇಟು ತೆರೆಯುವುದಿಲ್ಲ. ಮಾನ್ಯತೆ ಹೋಗುತ್ತದೆ ಎಂದು ಹೇಳಲೇಬೇಕಿತ್ತು, ಹೇಳಿದೆ. ಅವಳು ಜಗಳಕ್ಕೆ ಬರಲಿಲ್ಲ. ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಬಸ್ಮಲ ಎಲ್ಲಿ ಅಂತ ಕೇಳ್ತೀರೇನೋ ಅಂದ್ಕೊಂಡಿದ್ದೆ" ಎಂದಳು.

ಏಪ್ರಿಲ್‌ನ ಆ ಹುಡುಗಿಯ ಹೆಸರು ಅದು. ನಾನು ಕೇಳಲಿಲ್ಲ. ಅವಳೇ ಹೇಳಿದಳು. ಕೈರೋದಿಂದ ಬಂದ ಮೇಲೆ ಬಸ್ಮಲ ಒಂದೇ ಹಟ ಹಿಡಿದಳಂತೆ: ಇನ್ನು ನಾನು ನಿಲ್ಲಲ್ಲ, ನಿಂತದ್ದಕ್ಕೇ ಸೋತದ್ದು. ಯಾರು ಮುಂದಿದ್ದರೂ ರಾಕೆಟ್ ಪೂರ್ತಿ ಬೀಸಲು ಶುರು ಮಾಡಿದಳು. ಮೇ ತಿಂಗಳಲ್ಲಿ ಆ ರಾಕೆಟ್ ಅವಳ ಗೆಳತಿ ರವಾನ್‌ಳ ಬಾಯಿಗೆ ಬಡಿಯಿತು. ತುಟಿಗೆ ಮೂರು ಹೊಲಿಗೆ, ಒಂದು ಹಲ್ಲು ಹೋಯಿತು. ಆ ದಿನದಿಂದ ಬಸ್ಮಲ ರಾಕೆಟ್ ಮುಟ್ಟಿಲ್ಲ. ರವಾನ್ ಬಂದು ಕರೆದರೂ ಇಲ್ಲ.

"ಈ ಕೋರ್ಟಲ್ಲಿ ನಿಲ್ಲದೇ ಇದ್ರೆ ಹೀಗೇ ಆಗೋದು ಉಸ್ತಾದ್. ಅದನ್ನೇ ನಾನು ಆವತ್ತು ಹೇಳೋಕೆ ಬಂದಿದ್ದು."

ಟೀ ಆರಿಹೋಗಿತ್ತು. ಕುಡಿದೆ.

ನವೆಂಬರ್ 7, ಗುರುವಾರ

ಕಚೇರಿಗೆ ಹೋಗಲಿಲ್ಲ. ನಿರ್ಣಯ ಸರಿಯಾ…

ನವೆಂಬರ್ 10, ಭಾನುವಾರ

ಒಲ್ಗಾ ಅಕ್ಕನ ಮನೆಯಲ್ಲಿ ಊಟ. ಯೋಜನೆ ಎಲ್ಲಿಗೆ ಬಂತು ಎಂದಳು. ಅಳತೆ ತಪ್ಪಿದ ಹನ್ನೊಂದು ಕೋರ್ಟುಗಳನ್ನು ಪಟ್ಟಿಯಿಂದ ತೆಗೆಯಬೇಕಾಗಿದೆ, ಅವುಗಳಲ್ಲಿ ಹತ್ತು, ನಮ್ಮ ಆಟಗಾರರು ಬರುವ ಆ ಎರಡು ಊರುಗಳ ಆಚೆಯವು ಎಂದೆ.

"ಬೆಳೆಸೋ ಯೋಜನೆ ಅಂತೀಯ, ಬರೀ ಕತ್ತರಿಸ್ತಾ ಇದೀಯಲ್ಲೋ" ಎಂದಳು. "ನಮ್ಮಪ್ಪ ದರ್ಜಿ. ಅವರಾದ್ರೂ ಕತ್ತರಿಸಿದ ಮೇಲೆ ಹೊಲೀತಿದ್ರು."

ಅವಳಿಗೆ ಸ್ಕ್ವಾಷ್ ಗೊತ್ತಿಲ್ಲ.

ನವೆಂಬರ್ 17, ಭಾನುವಾರ

ಮತ್ತೆ ಪೋರ್ಟ್ ಫುಆದ್. ನೆಲದ ಸಿಮೆಂಟನ್ನು ಕಳೆದ ಸಲ ಸರಿಯಾಗಿ ಪರೀಕ್ಷಿಸಿರಲಿಲ್ಲ ಎಂಬುದು ಕಾರಣ. ಕ್ಯಾಪ್ಟನ್ ಅತಿಯ್ಯಾತ್ ನನ್ನ ಬ್ಯಾಗನ್ನು ನೋಡಿದಳು. ಅದರಲ್ಲಿ ಟೇಪು ಇರಲಿಲ್ಲ, ಆಟದ ಬೂಟುಗಳಿದ್ದವು.

"ಬೂಟು ತಂದಿದೀರಲ್ಲ, ಒಳಗೆ ಬನ್ನಿ" ಎಂದು ಒಂದು ರಾಕೆಟ್ ಕೊಟ್ಟಳು. "ಮೊಣಕಾಲು ನೋವು ಅಂತ ಕೇಳಿದ್ದೆ. ಓಡಿಸಲ್ಲ."

ಓಡಿಸಿದಳು. ಅವಳಿಗೆ ಸುಳ್ಳು ಹೇಳುವುದು ನೀರು ಕುಡಿದಷ್ಟು ಸುಲಭ, ನಮೂನೆಯಲ್ಲೇ ನೋಡಿದ್ದೆನಲ್ಲ.

ನಾಲ್ಕನೆಯ ಚೆಂಡಿಗೋ ಐದನೆಯದಕ್ಕೋ ನಾನು ಹಿಂಗೋಡೆಯ ಹತ್ತಿರ ರಾಕೆಟ್ ಎತ್ತಿದೆ. ಅವಳ ಬೆನ್ನು ಅಲ್ಲೇ ಇತ್ತು, ಅವಳ ಉಸಿರು ಕೇಳುವಷ್ಟು ಹತ್ತಿರ. ನನ್ನ ಕೈ ನಿಂತಿತು. ನಿಲ್ಲಿಸಬೇಕೆಂದು ನಾನು ಯೋಚಿಸಲೇ ಇಲ್ಲ. ಬಿಸಿ ಪಾತ್ರೆ ತಗುಲಿದ ಕೈ ಹಿಂದಕ್ಕೆ ಬರುವ ಹಾಗೆ ಅದು ತಾನಾಗಿ ನಿಂತಿತು. ಚೆಂಡು ಎರಡು ಪುಟ ನೆಗೆದು ನನ್ನ ಕಾಲ ಬಳಿ ಉರುಳಿತು.

ಅತಿಯ್ಯಾತ್ ತಿರುಗಿ ನೋಡಿದಳು. ಬಗ್ಗಿ ಚೆಂಡನ್ನು ಎತ್ತಿ ನನ್ನ ಕೈಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 18, ಸೋಮವಾರ

ಏಪ್ರಿಲ್‌ನ ವಿಡಿಯೋ ನೋಡಿದೆ. ಮೊದಲ ಸಲ.

ಕೈರೋದ ಹುಡುಗಿಯ ಭುಜ ಬಸ್ಮಲಳ ರಾಕೆಟ್ ಸುತ್ತುವ ದಾರಿಯಲ್ಲೇ ಇದೆ. ಒಂದು ಗೇಣು ಕೂಡ ಬಿಡುವಿಲ್ಲ. ಹೊಡೆದಿದ್ದರೆ ಕುತ್ತಿಗೆಗೋ ಕಿವಿಗೋ ಬೀಳುತ್ತಿತ್ತು. ಬೇರೆ ಮಕ್ಕಳಾಗಿದ್ದರೆ ಹೊಡೆದೇ ಬಿಡುತ್ತಿದ್ದರು. ಇವಳ ಕೈ ನಿಂತಿತು, ನಿನ್ನೆ ನನ್ನದು ನಿಂತ ಹಾಗೆ. ಬಿಟ್ಟುಕೊಟ್ಟವಳ ಮುಖ ಅದಲ್ಲ. ನನ್ನ ಕಡೆ ತಿರುಗಿದಾಗ ಆ ಮುಖದಲ್ಲಿ ಅನುಮಾನವೇ ಇಲ್ಲ, ಲೆಟ್ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಇದೆ. ಆಮೇಲೆ ನನ್ನ ದನಿ ಕೇಳುತ್ತದೆ.

ನೆಲ ನಿಜವಾಗಿಯೂ ಡೊಂಕಾಗಿತ್ತು. ಅವಳು ಮಾತ್ರ ನೆಟ್ಟಗೆ ಕುಣಿದಿದ್ದಳು.

ನನಗೆ ನಾಚಿಕೆಯಾಗಿದೆ. ಹನ್ನೆರಡು ವರ್ಷದ ಮಗುವಿಗೆ ನಾನು, ಇನ್ನೊಬ್ಬರಿಗೆ ಪೆಟ್ಟಾಗದಂತೆ ನೋಡಿಕೊಂಡದ್ದೇ ನಿನ್ನ ತಪ್ಪು ಎಂದು ಕಲಿಸಿದೆ. ಅವಳು ಚೆನ್ನಾಗಿ ಕಲಿತಳು. ಆ ಪಾಠದ ಬೆಲೆಯನ್ನು ರವಾನ್ ಎಂಬ ಹುಡುಗಿ ಹಲ್ಲಿನಲ್ಲಿ ತೆತ್ತಳು.

ನವೆಂಬರ್ 27, ಬುಧವಾರ

ಕ್ರಿಸ್ಮಸ್ ಉಪವಾಸ ಶುರುವಾಗಿ ಮೂರು ದಿನ; ಮಾಂಸ, ಹಾಲು ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. ಒಲ್ಗಾ ಅಕ್ಕ ಬೇಳೆ, ಬದನೆ, ಬೇಳೆ, ಬದನೆ ಎಂದು ಸರದಿ ಹಾಕಿದ್ದಾಳೆ. ಪೋರ್ಟ್ ಫುಆದ್‌ನಿಂದ ಮೀನು ತರುವುದಾಗಿ ಮಾತು ಕೊಟ್ಟ ಮೇಲೆ ನನ್ನ ಓಡಾಟದ ಬಗ್ಗೆ ಅವಳ ತಕರಾರಿಲ್ಲ.

ಇಂಜಿನಿಯರ್ ರಊಫ್ ಇವತ್ತು ಕೂತರು. ಹೊಸ ಕರಡು ನಿಂತು ಓದುವಂಥದ್ದಾಗಿರಲಿಲ್ಲ. ಅಳತೆ ತಪ್ಪಿದ ಕೋರ್ಟುಗಳನ್ನು ತೆಗೆಯುವ ಸಾಲನ್ನು ನಾನು ಹೊಡೆದುಹಾಕಿದ್ದೆ. ಅದರ ಜಾಗದಲ್ಲಿ: ಅವು ಕಲಿಕೆಯ ಕೋರ್ಟುಗಳು. ಅಲ್ಲಿ ಅಧಿಕೃತ ಪಂದ್ಯ ನಡೆಯುವುದಿಲ್ಲ. ಕ್ಲಬ್ಬಿನ ಮತ ಉಳಿಯುತ್ತದೆ, ಮಕ್ಕಳ ನೋಂದಣಿ ಉಳಿಯುತ್ತದೆ. ಇನ್ನೊಂದು ಸಾಲು: ರಾಷ್ಟ್ರೀಯ ಪಂದ್ಯಗಳ ಪ್ರತಿ ರೆಫರಿಯೂ ವರ್ಷಕ್ಕೊಮ್ಮೆ ಅಂಥ ಒಂದು ಕೋರ್ಟಿಗೆ ಹೋಗಿ ಆಡಿ ಬರಬೇಕು.

"ರೆಫರಿಗಳು ಆಡ್ಬೇಕಾ? ಅರ್ಧ ಜನಕ್ಕೆ ಹೊಟ್ಟೆ ಬಾಗಿಲಲ್ಲೇ ಸಿಕ್ಕಿಹಾಕ್ಕೊಳತ್ತೆ" ಎಂದರು. "ಉಸ್ತಾದ್, ಅಳತೆಯ ಸಾಲು ಬರೆದೋರು ನೀವೇ. ಟೇಪು ಹಿಡ್ಕೊಂಡು ಹೋದೋರೂ ನೀವೇ. ದೊಡ್ಡ ಕ್ಲಬ್ಬಿನೋರು ಎದ್ದು ನಿಂತು, ಯಾಕಪ್ಪ ಬದಲಾಯ್ಸಿದ್ರಿ ಅಂದ್ರೆ ನಾನೇನ್ ಹೇಳ್ಲಿ?"

"ನೀವೇನೂ ಹೇಳಬೇಡಿ. ನಾನು ಹೇಳ್ತೀನಿ."

"ಏನಂತ?"

"ನನ್ನ ತಪ್ಪು ಅಂತ."

ಅವರು ಫೋನನ್ನು ಕವುಚಿ ಇಟ್ಟು ನನ್ನನ್ನೇ ನೋಡಿದರು. "ಈ ದೇಶದ ಕ್ರೀಡೆಯಲ್ಲಿ ಯಾರೂ ಆ ಮಾತು ಹೇಳಿದ್ದು ನಾನ್ ಕೇಳಿಲ್ಲ. ಹೇಳಿ. ಸಭೆ ಎದ್ದು ಹೋಗ್ದೇ ಇದ್ರೆ ಸಾಕು."

ಡಿಸೆಂಬರ್ 12, ಗುರುವಾರ

ಸಭೆ ಎದ್ದು ಹೋಗಲಿಲ್ಲ.

ಬಾಣಗಳ ಪುಟಗಳನ್ನು ಬಿಟ್ಟು ನೇರ ವಿಷಯಕ್ಕೆ ಬಂದೆ. ಏಪ್ರಿಲ್‌ನ ಫೈನಲ್, ಹತ್ತು–ಒಂಬತ್ತು, ನನ್ನ ನಿರ್ಣಯ. ವಿಡಿಯೋ ತೋರಿಸಿದೆ. "ಇದು ಲೆಟ್. ನಾನು ಕೊಡಲಿಲ್ಲ" ಎಂದೆ. ಆಮೇಲೆ ಆ ಐದು ಮೀಟರ್ ಎಪ್ಪತ್ತರ ಬಗ್ಗೆ, ಅಲ್ಲಿ ಮಕ್ಕಳು ಏನು ಕಲಿಯುತ್ತಾರೆ, ನಾವು ಕೂತಲ್ಲಿಂದ ಅದನ್ನು ಏನೆಂದು ತಿಳಿಯುತ್ತೇವೆ ಎಂಬುದರ ಬಗ್ಗೆ. ನಡುವೆ ಒಮ್ಮೆ ನೀರು ಕುಡಿದು ಮುಂದುವರಿಸಿದೆ.

ಕೈರೋದ ದೊಡ್ಡ ಕ್ಲಬ್ಬೊಂದರ ಪ್ರತಿನಿಧಿ ಎದ್ದರು. "ಹಾಗಾದ್ರೆ ನಾಳೆ ಯಾರೋ ಸ್ನಾನದ ಮನೇಲಿ ಕೋರ್ಟ್ ಕಟ್ತಾರೆ, ಅದಕ್ಕೂ ಮತ ಕೊಡೋಣ್ವಾ?"

ಹಿಂದಿನ ಸಾಲಿನಿಂದ ಕ್ಯಾಪ್ಟನ್ ಅತಿಯ್ಯಾತ್ ದನಿ ಕೇಳಿತು: "ಕಟ್ಟಲಿ ಬಿಡಿ ಸಾಹೇಬ್ರೇ. ಅಲ್ಲಿ ಕಲಿತೋಳು ನಿಮ್ ಹುಡುಗೀರ ಜೊತೆ ಐದನೇ ಗೇಮ್‌ಗೆ ಬರ್ತಾಳೆ."

ನಕ್ಕರು. ನಕ್ಕ ಮೇಲೆ ಕೈ ಎತ್ತುವುದು ಜನರಿಗೆ ಸುಲಭ. ಹೊಸ ಸಾಲು ಉಳಿಯಿತು, ಮನಾರ ಉಳಿಯಿತು. ಎಲ್ಲರೂ ಬಂದು ಬೆನ್ನು ತಟ್ಟಿದರು, ಧೈರ್ಯ ಧೈರ್ಯ ಎಂದರು. ನನಗೇಕೋ ಕೆಲಸ ಮುಗಿದಂತೆ ಅನಿಸಲಿಲ್ಲ.

ಡಿಸೆಂಬರ್ 20, ಶುಕ್ರವಾರ

ಪೋರ್ಟ್ ಫುಆದ್‌ಗೆ ಬೂಟು ತೆಗೆದುಕೊಂಡೇ ಹೋಗಿದ್ದೆ. ಅಲ್ಲಿ ಆಡಿ ಎದ್ದ ಹೆಬ್ಬೆರಳ ಬೊಬ್ಬೆ ಈಗ ಗಟ್ಟಿಯಾಗಿದೆ, ನೋವಿಲ್ಲ.

ಬಸ್ಮಲ ಕ್ಲಬ್ಬಿನಲ್ಲಿದ್ದಳು. ಅತಿಯ್ಯಾತ್ ಹೇಳಿ ಕರೆಸಿದ್ದಳು. ಕೋರ್ಟಿನ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದಳು, ಏಪ್ರಿಲ್‌ಗಿಂತ ಎತ್ತರವಾಗಿದ್ದಾಳೆ. ರವಾನ್ ಒಳಗೆ ಒಬ್ಬಳೇ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ತುಟಿಯ ಮೇಲೆ ಬಿಳಿ ಗೆರೆಯಿದೆ.

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಕೈರೋದ ಸಭೆಯ ವಿಷಯ ಗೊತ್ತಾಯಿತೇ ಎಂದೆ.

"ನೋಡಿದೆ. ಎಲ್ಲರ ಫೋನಲ್ಲೂ ಇದೆ." ಅವಳು ನನ್ನ ಕಡೆ ನೋಡಲಿಲ್ಲ. "ಕೈರೋದೋರಿಗೆಲ್ಲ ಹೇಳಿದ್ರಿ. ನಂಗೆ ಹೇಳ್ಲಿಲ್ಲ."

ಇನ್ನೂರು ಜನರೆದುರು ಎರಡು ವಾಕ್ಯದಲ್ಲಿ ಮುಗಿದ ಮಾತು ಇಲ್ಲಿ ಅಷ್ಟು ಸುಲಭವಾಗಿರಲಿಲ್ಲ. ಒಳಗೆ ಚೆಂಡಿನ ಸದ್ದು ನಿಂತಿತ್ತು. ರವಾನ್ ಗಾಜಿನ ಬಾಗಿಲಿಗೆ ಮೂಗು ಒತ್ತಿ ನೋಡುತ್ತಿದ್ದಳು.

"ಅದು ಲೆಟ್ ಆಗಿತ್ತು ಮಗಳೇ. ನೀನು ನಿಂತದ್ದು ಸರಿ. ನಾನು ತಪ್ಪು ಹೇಳಿದೆ. ನನ್ನನ್ನ ಕ್ಷಮಿಸು."

ಅವಳು ಬಗ್ಗಿ ತನ್ನ ಬೂಟಿನ ದಾರ ಬಿಗಿದಳು.

"ಲೆಟ್ ಅಂದ್ರೆ ಮತ್ತೆ ಆಡ್ಬೇಕಲ್ಲ" ಎಂದಳು.

"ಹೌದು. ಮತ್ತೆ ಆಡಬೇಕು."

"ಹತ್ತು–ಒಂಬತ್ತು. ಸರ್ವ್ ಆ ಕೈರೋದೋಳದು."

"ಹತ್ತು–ಒಂಬತ್ತು" ಎಂದೆ.

ಅತಿಯ್ಯಾತ್ ತನ್ನ ರಾಕೆಟ್ಟನ್ನೇ ಬಸ್ಮಲಳಿಗೆ ಕೊಟ್ಟಳು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲ ಹಿಂದೆ ಎಳೆದು ಹಾಕಿದಳು, ನನಗೆ. ಏಪ್ರಿಲ್‌ನಿಂದ ಈಚೆಗೆ ನಾನು ಅಂಥ ಕುರ್ಚಿಯಲ್ಲಿ ಕೂತಿರಲಿಲ್ಲ. ಕೈರೋದ ಹುಡುಗಿಯ ಜಾಗದಲ್ಲಿ ರವಾನ್ ನಿಂತು ಸರ್ವ್ ಮಾಡಿದಳು.

ಏಳು ತಿಂಗಳು ಬಿಟ್ಟ ಕೈ ಅದು, ಆದರೂ ಚೆಂಡು ಗೋಡೆಗೆ ಅಂಟಿಕೊಂಡೇ ಹೋಗುತ್ತಿತ್ತು. ಹನ್ನೆರಡೋ ಹದಿಮೂರೋ ಹೊಡೆತ. ಹಿಂದಿನ ಮೂಲೆಯಲ್ಲಿ ಬಸ್ಮಲ ರಾಕೆಟ್ ಎತ್ತಿದಳು. ಮುಂದೆಯೇ ರವಾನ್ ಕೆನ್ನೆ. ರವಾನ್ ಕಣ್ಣು ಮುಚ್ಚಿಕೊಂಡಳು, ಆದರೆ ಜಾಗದಿಂದ ಅಲುಗಲಿಲ್ಲ. ರಾಕೆಟ್ ಗಾಳಿಯಲ್ಲೇ ನಿಂತಿತು.

ಬಸ್ಮಲ ನನ್ನತ್ತ ತಿರುಗಿದಳು. ಈ ಸಲ ಆ ಮುಖದಲ್ಲಿ ಅನುಮಾನವಿತ್ತು. ಅದನ್ನು ಹಾಕಿದವನು ನಾನೇ.

"ಲೆಟ್ ಪ್ಲೀಸ್."

"ಲೆಟ್" ಎಂದೆ.

ಮತ್ತೆ ಆಡಿದರು. ಮತ್ತೆ ಲೆಟ್. ಮೂರನೆಯ ಸಲ ಬಸ್ಮಲ ಹೊಡೆದ ಚೆಂಡು ಗೋಡೆಯ ಕೆಳಗಿನ ತಗಡಿಗೆ ಬಡಿದು ಔಟಾಯಿತು. ಸದ್ದು ದೋಣಿಯ ಕೊಟ್ಟಿಗೆಯವರೆಗೂ ಕೇಳಿರಬೇಕು. ನಾನು ಹೇಳಬೇಕಾದ್ದನ್ನು ಹೇಳಿದೆ: ಹನ್ನೊಂದು–ಒಂಬತ್ತು, ಆಟ ಮುಗಿಯಿತು.

ಅವಳು ರವಾನ್‌ಳ ಕೈ ಕುಲುಕಿದಳು. ಆಮೇಲೆ ಗಾಜಿನ ಬಾಗಿಲು ತೆರೆದು ಹೊರಗೆ ಬಂದಳು. ಬೆವರಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ನನ್ನ ಕುರ್ಚಿಯವರೆಗೆ ನಡೆದು ಬಂದು ಕೈ ಚಾಚಿದಳು.